ಬೋರ್ಡಿನ ಮೇಲಿನ ಒಂದು ಸಂಖ್ಯೆ: ನೇಕಾರರ ಸಂಘ, ನಿಬಂಧಕರ ಕಚೇರಿ ಮತ್ತು ನ್ಯಾಯಾಲಯ

ಇಳಕಲ್ಲು, ಗದಗ-ಬೆಟಗೇರಿ, ಸೊಲ್ಲಾಪುರ, ಕಾಂಚೀಪುರ ಯಾವ ಊರಿಗೇ ಹೋಗಲಿ, ನೇಕಾರರ ಸಹಕಾರ ಸಂಘದ ಬೋರ್ಡು ಹೆಚ್ಚು ಕಡಿಮೆ ಒಂದೇ ತರಹ ಇರುತ್ತದೆ. ಮೇಲೆ ದೊಡ್ಡ ಅಕ್ಷರಗಳಲ್ಲಿ ಸಂಘದ ಹೆಸರು, ಕೆಳಗೆ ಊರು ಮತ್ತು ತಾಲ್ಲೂಕು, ಪಕ್ಕದಲ್ಲಿ ಸಣ್ಣದಾಗಿ ನೋಂದಣಿ ಸಂಖ್ಯೆ. ಸೀರೆ ಕೊಳ್ಳಲು ಬಂದವರ ಕಣ್ಣು ಆ ಸಂಖ್ಯೆಯ ಮೇಲೆ ಬೀಳುವುದೇ ಇಲ್ಲ. ಒಳಗೆ ಕೂತ ನೇಕಾರನಿಗೆ ಮಾತ್ರ ಅದರ ಬೆಲೆ ಗೊತ್ತು.

ಆ ಸಂಖ್ಯೆ ಇದ್ದರೆ ಸಂಘ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ. ಅದು ತನ್ನ ಹೆಸರಿನಲ್ಲಿ ಆಸ್ತಿ ಮಾಡಬಹುದು, ಕರಾರು ಬರೆಯಬಹುದು, ಬಾಕಿದಾರನ ಮೇಲೆ ದಾವೆ ಹೂಡಬಹುದು. ಸಹಕಾರಿ ಬ್ಯಾಂಕಿನ ಸಾಲ, ಗಿರಣಿ ಬೆಲೆಯ ನೂಲು, ಹಬ್ಬದ ರಿಯಾಯಿತಿಗೆ ಸರ್ಕಾರ ತುಂಬಿಕೊಡುವ ಹಣ, ಕೋ-ಆಪ್ಟೆಕ್ಸ್‌ನಂತಹ ಮಾರಾಟ ಸಂಸ್ಥೆಯ ಖರೀದಿ, ಎಲ್ಲಕ್ಕೂ ಮೊದಲು ಕೇಳುವುದು ಅದನ್ನೇ. ಸಂಖ್ಯೆ ಇಲ್ಲದಿದ್ದರೆ ಹತ್ತು ನೇಕಾರರು ಸೇರಿದರೂ ಅವರು ಹತ್ತು ಜನ, ಅಷ್ಟೆ. ನೂಲಿಗೆ ಮತ್ತೆ ಸಾಹುಕಾರನ ಕಟ್ಟೆಯ ಮುಂದೆ ನಿಲ್ಲಬೇಕು. ಅವನು ಕೊಟ್ಟ ನೂಲು, ಅವನು ಹೇಳಿದ ಕೂಲಿ, ಅವನ ಪುಸ್ತಕದಲ್ಲಿ ಬರೆದ ಮುಂಗಡ.

ಹಾಗಾದರೆ ಆ ಸಂಖ್ಯೆಯನ್ನು ಕೊಡುವವರು ಯಾರು? ಕೊಡುವುದಿಲ್ಲ ಎನ್ನುವ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಇಲ್ಲ ಎಂದಾಗ ನೇಕಾರರು ಯಾರ ಬಾಗಿಲು ತಟ್ಟಬೇಕು? ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದುಬಂದಿರುವ ಈ ಜಗ್ಗಾಟದಲ್ಲಿ ಒಂದು ಕಡೆ ಸಂಘ ಕಟ್ಟುವುದು ಹಕ್ಕು ಎನ್ನುವ ವಾದವಿದೆ, ಇನ್ನೊಂದು ಕಡೆ ಅದು ಸರ್ಕಾರ ಕೊಡುವ ಸವಲತ್ತು ಎನ್ನುವ ನಂಬಿಕೆಯಿದೆ.

ರಾಚ್‌ಡೇಲಿನ ನೇಕಾರರು

ಸಹಕಾರ ಚಳವಳಿಯ ಕಥೆ ಶುರುವಾಗುವುದೇ ಒಂದು ನೇಕಾರರ ಊರಿನಿಂದ. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ರಾಚ್‌ಡೇಲ್ ಫ್ಲಾನೆಲ್ ಬಟ್ಟೆಗೆ ಹೆಸರಾಗಿತ್ತು. ಯಂತ್ರಮಗ್ಗಗಳು ಬಂದು ಕೈಮಗ್ಗದ ಕೂಲಿ ಕುಸಿದಿದ್ದ ಕಾಲದಲ್ಲಿ ಅಲ್ಲಿನ 28 ಮಂದಿ, ಅವರಲ್ಲಿ ಹಲವರು ನೇಕಾರರು, ತಲೆಗೊಂದು ಪೌಂಡಿನ ಲೆಕ್ಕದಲ್ಲಿ ಬಂಡವಾಳ ಕೂಡಿಸಿದರು. 1844ರ ಅಕ್ಟೋಬರ್ 24ರಂದು ಅವರ ಸಂಘ ನೋಂದಣಿಯಾಯಿತು. ಅದೇ ವರ್ಷ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆಯಿತು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್‌ನಂತಹ ಕೆಲವೇ ಸರಕು.

ಆಗ ಸಹಕಾರಕ್ಕೆಂದು ಬೇರೆ ಕಾಯ್ದೆ ಇರಲಿಲ್ಲ. ಕಾಯಿಲೆ, ಸಾವಿನ ಖರ್ಚಿಗೆ ಕಾರ್ಮಿಕರು ಕಟ್ಟಿಕೊಳ್ಳುತ್ತಿದ್ದ ಪರಸ್ಪರ ನೆರವಿನ ಸಂಘಗಳ ಕಾಯ್ದೆಯಡಿಯೇ ಅವರು ನೋಂದಾಯಿಸಿಕೊಂಡರು. ಸಹಕಾರ ಸಂಘಗಳಿಗೇ ಆದ ಕಾಯ್ದೆ ಬಂದದ್ದು 1852ರಲ್ಲಿ. ಆ ವ್ಯವಸ್ಥೆಯಲ್ಲಿ ನೋಂದಣಿ ಅಧಿಕಾರಿಯ ಮುಖ್ಯ ಕೆಲಸ, ಸಂಘದ ನಿಯಮಗಳು ಕಾನೂನಿಗೆ ಹೊಂದುತ್ತವೆಯೇ ಎಂದು ಓದಿ ನೋಡುವುದು. ಈ ಊರಿಗೆ ಅಂಗಡಿ ಬೇಕೇ, ಇವರ ಕೈಯಲ್ಲಿ ಅದು ನಡೆದೀತೇ ಎಂಬುದನ್ನು ಸದಸ್ಯರೇ ನೋಡಿಕೊಳ್ಳಬೇಕಿತ್ತು. ಸಹಕಾರದ ಕಲ್ಪನೆ ಹಡಗು ಹತ್ತಿ ಹಿಂದೂಸ್ತಾನಕ್ಕೆ ಬರುವಾಗ ಈ ಗೆರೆ ಅಳಿಸಿಹೋಯಿತು.

ಕಾಂಚೀಪುರದಿಂದ ಕಣಗಿನಹಾಳದವರೆಗೆ

ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೊಲ್ಸನ್ ಜರ್ಮನಿಯ ಗ್ರಾಮೀಣ ಸಾಲ ಸಂಘಗಳನ್ನು ಅಧ್ಯಯನ ಮಾಡಿ 1890ರ ದಶಕದಲ್ಲಿ ವರದಿ ಬರೆದರು. ಅದರ ಬೆನ್ನಿಗೆ 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯ್ದೆ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ದೇಶದ ಮೊದಲ ಪಟ್ಟಣ ಸಾಲ ಸಂಘ ನೋಂದಣಿಯಾದದ್ದು ರೇಷ್ಮೆ ಮಗ್ಗಗಳ ಊರಾದ ಕಾಂಚೀಪುರದಲ್ಲಿ. ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲ ಸಂಘ ಕಟ್ಟಿದರು. ಕನ್ನಡನಾಡಿನ ಸಹಕಾರ ಚರಿತ್ರೆಯನ್ನು ಇಂದಿಗೂ ಅಲ್ಲಿಂದಲೇ ಎಣಿಸುತ್ತಾರೆ. 1906ರ ಫೆಬ್ರವರಿಯಲ್ಲಿ ಗೋಕಾಕ ಮತ್ತು ಬೆಳಗಾವಿಯ ಪಟ್ಟಣ ಸಂಘಗಳು ನೋಂದಣಿಯಾದವು. ಮಾರ್ಚ್ 13ರಂದು ಕೊಂಕಣದ ವರವಡೆ ಎಂಬ ಊರಿನ ನೇಕಾರರ ಸಾಲ ಸಂಘ ಬಂತು. ಎಂದರೆ ಕಾಯ್ದೆ ಬಂದು ಎರಡು ವರ್ಷ ತುಂಬುವುದರೊಳಗೆ ನೇಕಾರರು ತಮ್ಮದೇ ಹೆಸರಿನಲ್ಲಿ ಸಂಘ ಮಾಡಿಕೊಂಡಿದ್ದರು.

1904ರ ಕಾಯ್ದೆ ಸಾಲಕ್ಕೆ ಮಾತ್ರ ಸೀಮಿತ. ನೂಲು ಕೊಳ್ಳುವ, ಬಟ್ಟೆ ಮಾರುವ ಸಂಘಕ್ಕೆ ಅದರಲ್ಲಿ ಜಾಗವಿರಲಿಲ್ಲ. ಆ ಕೊರತೆ ತುಂಬಿದ್ದು 1912ರ ಕಾಯ್ದೆ. ಹದಿನೆಂಟು ದಾಟಿದ ಹತ್ತು ಜನ ಸೇರಿ, ಸದಸ್ಯರ ಆರ್ಥಿಕ ಹಿತಕ್ಕಾಗಿ ಸಹಕಾರ ತತ್ವದಂತೆ ಸಂಘ ಕಟ್ಟಬಹುದು ಎಂದು ಅದು ಹೇಳಿತು. ಆದರೆ ಅದರ ಒಂಬತ್ತನೆಯ ಸೆಕ್ಷನ್ನಿನಲ್ಲಿ ಒಂದು ಸಣ್ಣ ಮಾತು ಸೇರಿಕೊಂಡಿತ್ತು. ಅರ್ಜಿ ಕಾಯ್ದೆಗೆ ಸರಿಯಿದ್ದು, ಉಪವಿಧಿಗಳು ನಿಯಮಕ್ಕೆ ಹೊಂದಿದ್ದರೂ, ತನಗೆ ಯುಕ್ತವೆಂದು ಕಂಡರೆ ಮಾತ್ರ ನಿಬಂಧಕನು ನೋಂದಾಯಿಸಬಹುದು. ರಾಚ್‌ಡೇಲಿನಲ್ಲಿ ನಿಯಮ ಓದಿ ನೋಡುವವನಾಗಿದ್ದ ಅಧಿಕಾರಿ ಇಲ್ಲಿ ಯುಕ್ತಾಯುಕ್ತ ತೀರ್ಮಾನಿಸುವ ಯಜಮಾನನಾದ.

ಅಂದಿನ ಆಡಳಿತಕ್ಕೆ ತನ್ನದೇ ಸಮರ್ಥನೆ ಇತ್ತು. ಓದು ಬರಹ ಬಾರದ ಬಡವರು ಮೋಸ ಹೋಗಬಾರದು, ಒಂದು ಸಂಘ ಮುಳುಗಿದರೆ ಸುತ್ತಲಿನ ಹತ್ತು ಸಂಘಗಳ ಮೇಲಿನ ನಂಬಿಕೆ ಹೋಗುತ್ತದೆ. 1915ರ ಮ್ಯಾಕ್ಲಗನ್ ಸಮಿತಿಯೂ ಸಂಘಗಳ ಸಂಖ್ಯೆ ಏರುವುದಕ್ಕಿಂತ ಅವುಗಳ ಗಟ್ಟಿತನ ಮುಖ್ಯ, ಚೆನ್ನಾಗಿ ಪರಿಶೀಲಿಸಿಯೇ ನೋಂದಾಯಿಸಬೇಕು ಎಂದಿತು. 1919ರ ಸುಧಾರಣೆಗಳ ನಂತರ ಸಹಕಾರ ಪ್ರಾಂತ್ಯಗಳ ಕೈಗೆ ಬಂತು. ಮುಂಬಯಿ 1925ರಲ್ಲಿ, ಮದ್ರಾಸು 1932ರಲ್ಲಿ ತಮ್ಮ ಕಾಯ್ದೆ ಮಾಡಿಕೊಂಡವು. ಕಾಯ್ದೆಯ ಹೆಸರು ಬದಲಾದರೂ ನಿಬಂಧಕನ ಕುರ್ಚಿಯ ಎತ್ತರ ಇಳಿಯಲಿಲ್ಲ.

ನೂಲಿನ ಹಿಂದೆ ಬಂದ ಸಂಶಯ

ನೇಕಾರರ ಸಂಘಗಳ ಅರ್ಜಿಗಳನ್ನು ಅಧಿಕಾರಿಗಳು ಅನುಮಾನದಿಂದ ನೋಡಲು ಕಾರಣಗಳಿದ್ದವು. 1941ರಲ್ಲಿ ನೇಮಕವಾದ, ಪಿ. ಜೆ. ಥಾಮಸ್ ಅಧ್ಯಕ್ಷತೆಯ ಸತ್ಯಶೋಧನಾ ಸಮಿತಿ ಕೈಮಗ್ಗ ಮತ್ತು ಗಿರಣಿಗಳ ಸ್ಥಿತಿಯನ್ನು ದೇಶದುದ್ದಕ್ಕೂ ನೋಡಿತು. ಅಪಾರ ಸಂಖ್ಯೆಯ ನೇಕಾರರು ಮಧ್ಯವರ್ತಿಗಳಿಗೆ ನೇಯುವವರು ಎಂಬುದು ಅದಕ್ಕೆ ಕಂಡಿತು. 1943ರಲ್ಲಿ ಯುದ್ಧದ ಅಭಾವದಿಂದ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಬಂತು. ನೂಲು ಸಂಘದ ಮೂಲಕ ಸಿಗುತ್ತದೆ ಎಂದಾದಾಗ ಸಂಘಗಳು ಮಳೆಗಾಲದ ಅಣಬೆಯಂತೆ ಎದ್ದವು. ಅವುಗಳಲ್ಲಿ ಕೆಲವು ನಿಜವಾದ ನೇಕಾರರದು. ಕೆಲವು ಸಾಹುಕಾರನೇ ತನ್ನ ಕೂಲಿಗಳ ಹೆಸರು ಬರೆಸಿ, ತಾನೇ ಅಧ್ಯಕ್ಷನಾಗಿ, ಅಗ್ಗದ ನೂಲನ್ನು ಕಾಳಸಂತೆಗೆ ಸಾಗಿಸಲು ಮಾಡಿಕೊಂಡ ಬೇನಾಮಿ ಅಂಗಡಿಗಳು.

ಸ್ವಾತಂತ್ರ್ಯದ ನಂತರ ಸಂಘದ ಜೊತೆಗೆ ಹಣವೂ ಬಂತು. 1953ರ ಕಾಯ್ದೆ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕ ಹಾಕಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗಕ್ಕೆ ತಿರುಗಿಸಿತು. 1974ರಲ್ಲಿ ಬಿ. ಶಿವರಾಮನ್ ಸಮಿತಿ ಶೇ. 60ರಷ್ಟು ಕೈಮಗ್ಗಗಳನ್ನು ಸಹಕಾರದೊಳಗೆ ತರಬೇಕೆಂದು ಶಿಫಾರಸು ಮಾಡಿತು. ಗುರಿ ದೊಡ್ಡದಾಯಿತು, ಸಹಾಯಧನ ಬೆಳೆಯಿತು. ಕಾಗದದ ಮೇಲಷ್ಟೇ ಆಡುವ ಮಗ್ಗಗಳೂ ಹೆಚ್ಚಿದವು.

ಇಲ್ಲೊಂದು ಸಿಕ್ಕು ಬಿತ್ತು. ತಮಿಳುನಾಡಿನಂತಹ ರಾಜ್ಯಗಳಲ್ಲಿ ನೇಕಾರರ ಸಂಘಗಳ ಮಟ್ಟಿಗೆ ನಿಬಂಧಕನ ಅಧಿಕಾರ ಚಲಾಯಿಸುವವರು ಕೈಮಗ್ಗ ಇಲಾಖೆಯ ನಿರ್ದೇಶಕರೇ. ಸಹಾಯಧನ ಹಂಚುವ ಕೈಯೇ ಸಂಖ್ಯೆಯನ್ನೂ ಕೊಡುತ್ತದೆ. ಹೊಸ ಸಂಘ ಎಂದರೆ ಬಜೆಟ್ಟಿನ ಮೇಲೆ ಹೊಸ ಬಾಬತ್ತು. ಹೀಗಾಗಿ ಈ ಹತ್ತು ಜನರಿಗೆ ಸೇರುವ ಹಕ್ಕಿದೆಯೇ ಎಂಬ ಪ್ರಶ್ನೆ, ಇವರನ್ನು ಸಾಕಲು ನಮ್ಮಲ್ಲಿ ಹಣವಿದೆಯೇ ಎಂಬ ಪ್ರಶ್ನೆಯ ಜೊತೆ ಹೆಣೆದುಕೊಂಡಿತು. ತಿರಸ್ಕಾರದ ಪತ್ರಗಳಲ್ಲಿ ಕಾಣುವ ಕಾರಣಗಳು ಇದೇ ನೆಲದಲ್ಲಿ ಹುಟ್ಟಿದವು: ಆ ಊರಿನಲ್ಲಿ ಈಗಾಗಲೇ ಒಂದು ಸಂಘವಿದೆ, ಎರಡರ ಕಾರ್ಯವ್ಯಾಪ್ತಿ ಒಂದರ ಮೇಲೊಂದು ಬರುತ್ತದೆ, ಸಂಘ ಆರ್ಥಿಕವಾಗಿ ನಿಲ್ಲುವ ಭರವಸೆ ಇಲ್ಲ, ಅರ್ಜಿದಾರರು ನಿಜವಾದ ನೇಕಾರರೆಂಬುದಕ್ಕೆ ಪುರಾವೆ ಸಾಲದು.

ಮೊದಲ ಕಾರಣವನ್ನೇ ನೋಡಿ. ಊರಿನ ಹಳೆಯ ಸಂಘ ಸಾಹುಕಾರರ ಕೈಯಲ್ಲಿದೆ, ಅಥವಾ ಒಂದೇ ಕೇರಿಯವರ ಹಿಡಿತದಲ್ಲಿದೆ ಎಂದುಕೊಳ್ಳೋಣ. ಅದರಿಂದ ಹೊರಗುಳಿದ ನೇಕಾರರು ಬೇರೆ ಸಂಘಕ್ಕೆ ಅರ್ಜಿ ಹಾಕುತ್ತಾರೆ. ಒಂದು ಸಂಘ ಇದೆಯಲ್ಲ ಎಂಬ ಉತ್ತರ ಬರುತ್ತದೆ. ಬಡವರನ್ನು ಕಾಯಲೆಂದು ಬರೆದ ನಿಯಮ ಅಲ್ಲಿ ಸಾಹುಕಾರನ ಬಾಗಿಲು ಕಾಯುತ್ತದೆ.

ಸಂವಿಧಾನ ಹೇಳಿದ್ದು, ನ್ಯಾಯಾಲಯ ಓದಿದ್ದು

1950ರಲ್ಲಿ ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕಾಗಿಸಿತು. ಹಾಗಿದ್ದ ಮೇಲೆ ನೋಂದಣಿ ನಿರಾಕರಿಸುವುದು ಹೇಗೆ ಸಾಧ್ಯ? ನ್ಯಾಯಾಲಯಗಳ ಉತ್ತರ ನೇರವಾಗಿರಲಿಲ್ಲ.

1961ರಲ್ಲಿ ಬ್ಯಾಂಕ್ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಿತಿ ಎಳೆಯಿತು: ಸಂಘ ಕಟ್ಟುವುದು ಹಕ್ಕು, ಆದರೆ ಸಂಘದ ಉದ್ದೇಶಗಳೆಲ್ಲ ಈಡೇರಬೇಕೆಂಬುದು ಮೂಲಭೂತ ಹಕ್ಕಲ್ಲ. 1971ರಲ್ಲಿ ಹಿಂದಿ ಸಾಹಿತ್ಯ ಸಮ್ಮೇಳನದ ಪ್ರಕರಣ ಬಂತು. ಸಂಸ್ಥೆಯ ಸದಸ್ಯತ್ವದ ಸ್ವರೂಪವನ್ನೇ ಬದಲಿಸಿದ್ದ ಸಂಸತ್ತಿನ ಕಾಯ್ದೆಯನ್ನು ಕೋರ್ಟ್ ರದ್ದು ಮಾಡಿತು. ಜೊತೆ ಸೇರಿದವರು ತಮ್ಮ ಇಚ್ಛೆಯವರೊಂದಿಗೇ ಮುಂದುವರಿಯುವುದೂ ಹಕ್ಕಿನ ಭಾಗ ಎಂದಿತು. ಆದರೆ 1985ರಲ್ಲಿ ಪಂಜಾಬಿನ ದಮನ್ ಸಿಂಗ್ ಪ್ರಕರಣದಲ್ಲಿ, ಸಹಕಾರ ಸಂಘ ಕಾಯ್ದೆಯಿಂದಲೇ ನಡೆಯುವ ಸಂಸ್ಥೆ, ಅದನ್ನು ಇನ್ನೊಂದರೊಡನೆ ಕಡ್ಡಾಯವಾಗಿ ವಿಲೀನ ಮಾಡಿದರೂ ಹಕ್ಕಿಗೆ ಧಕ್ಕೆಯಿಲ್ಲ ಎಂದಿತು. 1997ರಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಸಹಕಾರ ಸಂಘದ ಸದಸ್ಯನಾಗುವುದು ಮೂಲಭೂತ ಹಕ್ಕಲ್ಲ, ಅದು ಕಾಯ್ದೆ ಕೊಟ್ಟಷ್ಟೇ ಹಕ್ಕು ಎಂಬ ಮಾತು ಬಂತು.

ನೇಕಾರರ ಪಾಲಿಗೆ ಇದರರ್ಥ ಸರಳ. ಜಗಲಿಯ ಮೇಲೆ ಕೂತು ಸಂಘ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಸಹಕಾರ ಸಂಘ ಎಂಬ ಹೆಸರು ಮತ್ತು ಸಂಖ್ಯೆ ಬೇಕಾದರೆ ಕಾಯ್ದೆಯ ಬಾಗಿಲಿನಿಂದಲೇ ಹೋಗಬೇಕು.

ಆದರೂ ನಿರಾಕರಣೆಗೊಂಡವರು ಹೈಕೋರ್ಟಿಗೆ ಹೋದಾಗ ಬರಿಗೈಯಲ್ಲಿ ಬರಬೇಕಿಲ್ಲ. 19ನೆಯ ವಿಧಿ ಕೊಡದ ಆಸರೆಯನ್ನು ಆಡಳಿತ ಕಾನೂನು ಕೊಡುತ್ತದೆ. ನಿಬಂಧಕನಿಗೆ ವಿವೇಚನೆ ಇದೆ ಎಂದರೆ ಮನಸ್ಸಿಗೆ ಬಂದಂತೆ ಮಾಡಬಹುದು ಎಂದಲ್ಲ. ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ. ಅರ್ಜಿದಾರರ ವಿರುದ್ಧ ವರದಿ ಬಂದಿದ್ದರೆ ಅದನ್ನು ಅವರಿಗೆ ತೋರಿಸಿ ಮಾತು ಕೇಳಬೇಕು. ಕಾರಣ ಬರೆದು ತಿಳಿಸಬೇಕು. 1977ರ ಕೊನೆಯಲ್ಲಿ ಬಂದ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಚುನಾವಣೆಗೆ ಸಂಬಂಧಿಸಿದ್ದಾದರೂ ಅದರ ಒಂದು ತತ್ವ ಇಂತಹ ಎಲ್ಲ ಪ್ರಕರಣಗಳಿಗೂ ಒದಗುತ್ತದೆ: ಆದೇಶ ಬರೆದ ದಿನ ಅದರಲ್ಲಿ ಹೇಳಿದ ಕಾರಣದ ಮೇಲೆಯೇ ಅದು ನಿಲ್ಲಬೇಕು, ಕೋರ್ಟಿಗೆ ಬಂದ ಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಪೋಣಿಸುವಂತಿಲ್ಲ.

ಗೆದ್ದವರಿಗೆ ಸಿಗುವುದೂ ಸಾಮಾನ್ಯವಾಗಿ ಸಂಖ್ಯೆಯಲ್ಲ. ನಿರಾಕರಣೆಯ ಆದೇಶವನ್ನು ರದ್ದು ಮಾಡಿ, ಅರ್ಜಿಯನ್ನು ಮತ್ತೊಮ್ಮೆ ಕಾನೂನಿನಂತೆ ಪರಿಶೀಲಿಸಿ ಎಂದು ಕೋರ್ಟು ಕಡತವನ್ನು ಅದೇ ಕಚೇರಿಗೆ ವಾಪಸು ಕಳಿಸುತ್ತದೆ. ನಿಬಂಧಕನ ಜಾಗದಲ್ಲಿ ತಾನು ಕೂರುವುದಿಲ್ಲ. ಹಲವು ರಾಜ್ಯಗಳ ಕಾಯ್ದೆಗಳಲ್ಲಿ ಇದಕ್ಕೂ ಮೊದಲು ಇಲಾಖೆಯೊಳಗಿನ ಮೇಲ್ಮನವಿಯ ಮೆಟ್ಟಿಲು ಹತ್ತಬೇಕು. ದಿನಗೂಲಿಯ ಮೇಲೆ ಬದುಕುವವರಿಗೆ ಇದು ದೊಡ್ಡ ದೂರ. ವಕೀಲರ ಮನೆಗೆ ಹೋದ ದಿನ ಮಗ್ಗ ನಿಂತಿರುತ್ತದೆ, ಮಗ್ಗ ನಿಂತ ದಿನ ಕೂಲಿ ಇಲ್ಲ. ಸಂಘಕ್ಕೆಂದು ಕೂಡಿದ ಹತ್ತು ಜನರಲ್ಲಿ ಎಷ್ಟು ಮಂದಿ ಕೊನೆಯವರೆಗೆ ಉಳಿದಾರು ಎಂಬುದು ಕಾನೂನಿನ ಪ್ರಶ್ನೆಯಲ್ಲ, ಆದರೆ ಮೊಕದ್ದಮೆಯ ಫಲ ನಿಂತಿರುವುದು ಅದರ ಮೇಲೆಯೇ.

ಅಹಮದಾಬಾದಿನ ಒಂದು ರಾತ್ರಿ

ಎಲ್ಲ ನಿರಾಕರಣೆಯೂ ಕೋರ್ಟಿನಲ್ಲೇ ಮುಗಿಯಲಿಲ್ಲ. ಅಹಮದಾಬಾದಿನ ಜವಳಿ ಕಾರ್ಮಿಕರ ಸಂಘ ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ 1972ರಲ್ಲಿ ಸೇವಾ ಸಂಘಟನೆ ಕಟ್ಟಿದರು. ಗಿರಣಿಯ ಚಿಂದಿಯಿಂದ ಕೌದಿ ಹೊಲಿಯುವವರು, ಹಳೆಬಟ್ಟೆ ಮಾರುವವರು, ಗಾಡಿ ಎಳೆಯುವವರು ಅದರ ಸದಸ್ಯರು. ಕಾರ್ಮಿಕ ಸಂಘವಾಗಿ ನೋಂದಾಯಿಸಿ ಎಂದಾಗ, ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಎಂಬ ಆಕ್ಷೇಪ ಬಂತು. ಸಂಘ ಇರುವುದು ಒಬ್ಬರ ವಿರುದ್ಧ ನಿಲ್ಲಲಿಕ್ಕೇ ಅಲ್ಲ, ದುಡಿಯುವವರು ಒಂದಾಗಲಿಕ್ಕೆ ಎಂದು ಅವರು ವಾದಿಸಿದರು. ಆ ವರ್ಷದ ಏಪ್ರಿಲಿನಲ್ಲಿ ನೋಂದಣಿಯಾಯಿತು.

ಎರಡು ವರ್ಷದ ನಂತರ ಅದೇ ಹೆಂಗಸರು ತಮ್ಮದೊಂದು ಸಹಕಾರಿ ಬ್ಯಾಂಕು ಬೇಕೆಂದರು. ನಾಲ್ಕು ಸಾವಿರ ಮಂದಿ ತಲಾ ಹತ್ತು ರೂಪಾಯಿ ಷೇರು ಹಾಕಿದರು. ಸಹಿ ಮಾಡಲು ಬಾರದವರು ಬ್ಯಾಂಕು ಹೇಗೆ ನಡೆಸುತ್ತಾರೆ ಎಂಬ ಅಡ್ಡಿ ಬಂತು. ಪ್ರವರ್ತಕರಾದ ಹದಿನೈದು ಹೆಂಗಸರು ರಾತ್ರಿಯಿಡೀ ಕೂತು ತಂತಮ್ಮ ಹೆಸರು ಬರೆಯಲು ಕಲಿತರು. 1974ರ ಮೇ ತಿಂಗಳಲ್ಲಿ ಬ್ಯಾಂಕು ನೋಂದಣಿಯಾಯಿತು. ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ಅದು ನಿಜವೂ ಹೌದು. ಜೊತೆಗೇ ಇನ್ನೊಂದು ಮಾತು ಕೇಳಬೇಕು. ಕೈಯಲ್ಲಿ ಲೆಕ್ಕ ಇಟ್ಟುಕೊಂಡು ದಿನವೂ ವ್ಯಾಪಾರ ಮಾಡುವವರ ಯೋಗ್ಯತೆಯನ್ನು ಸಹಿಯಿಂದ ಅಳೆಯುವ ಅಧಿಕಾರ ಕಚೇರಿಗೆ ಏಕೆ ಇರಬೇಕಿತ್ತು?

ಒಂದು ಕಾಯ್ದೆ, ಎರಡನೆಯ ಕಾಯ್ದೆ

1991ರ ಹೊತ್ತಿಗೆ ಚೌಧರಿ ಬ್ರಹ್ಮ ಪ್ರಕಾಶ್ ಸಮಿತಿ ನಿಬಂಧಕನ ಅಧಿಕಾರ ಕಡಿಮೆ ಮಾಡುವ ಮಾದರಿ ಕಾಯ್ದೆ ಸೂಚಿಸಿತು. ಆಂಧ್ರಪ್ರದೇಶ 1995ರಲ್ಲಿ ಪರಸ್ಪರ ನೆರವಿನ ಸಹಕಾರ ಸಂಘಗಳ ಕಾಯ್ದೆ ತಂದು ಮುಂದೆ ಹೆಜ್ಜೆ ಇಟ್ಟಿತು. 1964ರ ಹಳೆಯ ಕಾಯ್ದೆಯೂ ಉಳಿಯಿತು. ಸರ್ಕಾರದ ಷೇರು ಬೇಡ, ಸ್ವಂತ ಬಲದ ಮೇಲೆ ನಿಲ್ಲುತ್ತೇವೆ ಎನ್ನುವವರಿಗೆ ಹೊಸ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ ಇದೇ ಹಾದಿಯ ಸೌಹಾರ್ದ ಸಹಕಾರಿ ಕಾಯ್ದೆ 1997ರಲ್ಲಿ ರೂಪುಗೊಂಡು 2001ರ ಜನವರಿ 1ರಿಂದ ಜಾರಿಗೆ ಬಂತು.

ಆಂಧ್ರದಲ್ಲಿ ತೆರೆದ ಬಾಗಿಲನ್ನು ಮುಚ್ಚುವ ಪ್ರಯತ್ನವೂ ನಡೆಯಿತು. 2006ರ ತಿದ್ದುಪಡಿ ಹಾಲಿನ ಸಂಘಗಳನ್ನು ಹೊಸ ಕಾಯ್ದೆಯಿಂದ ಎತ್ತಿ ಹಳೆಯದರ ಅಡಿಗೆ ಪೂರ್ವಾನ್ವಯವಾಗಿ ತಳ್ಳಿತು. ಸಂಘಗಳು ಕೋರ್ಟಿಗೆ ಹೋದವು. 2011ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧ ಎಂದಿತು. ನೋಂದಣಿಯ ಚರಿತ್ರೆಗೆ ಮುಖ್ಯವಾದ ಮಾತು ಆ ತೀರ್ಪಿನಲ್ಲಿದೆ: ಸದಸ್ಯರು ಒಂದು ಕಾಯ್ದೆಯಡಿ ಅರ್ಜಿ ಹಾಕಿದರೆ, ಷರತ್ತು ಪೂರೈಸದಿದ್ದಲ್ಲಿ ಅಧಿಕಾರಿ ಅದನ್ನು ತಿರಸ್ಕರಿಸಬಹುದು. ಆದರೆ ನಿಮಗೆ ಇದು ಬೇಡ, ಅದು ಸಾಕು ಎಂದು ಬೇರೆ ಕಾಯ್ದೆಯಡಿ ನೋಂದಾಯಿಸುವ ಹಕ್ಕು ಅವನಿಗಿಲ್ಲ. ಪ್ರಕರಣ ಹಾಲಿನದಾದರೂ ಈ ತತ್ವ ಮಗ್ಗಕ್ಕೂ ಅಷ್ಟೇ ಸಲ್ಲುತ್ತದೆ.

ಮರುವರ್ಷ, 2012ರ ಫೆಬ್ರವರಿ 15ರಂದು, 97ನೆಯ ತಿದ್ದುಪಡಿ ಜಾರಿಗೆ ಬಂತು. 19(1)(ಸಿ) ವಿಧಿಯಲ್ಲಿ ಸಹಕಾರ ಸಂಘಗಳು ಎಂಬ ಪದವೇ ಸೇರಿತು. ಸಹಕಾರ ರಾಜ್ಯಗಳ ವಿಷಯವಾದ್ದರಿಂದ, ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಪಡೆಯದೆ ಅದರ ಮೇಲೆ ಸಂಸತ್ತು ಹೊಸ ಭಾಗ ಹೇರಿತೆಂಬ ಮೊಕದ್ದಮೆ ಗುಜರಾತ್ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಬಂತು. 2021ರ ಜುಲೈ 20ರಂದು, ಸಹಕಾರ ಸಂಘಗಳ ಆಡಳಿತದ ವಿವರಗಳಿರುವ ಆ ಭಾಗ ರಾಜ್ಯಗಳೊಳಗಿನ ಸಂಘಗಳಿಗೆ ಅನ್ವಯಿಸದು ಎಂದು ಬಹುಮತದ ತೀರ್ಪು ಬಂತು. 19ನೆಯ ವಿಧಿಗೆ ಸೇರಿದ ಪದ ಮಾತ್ರ ಹಾಗೆಯೇ ಉಳಿಯಿತು. 1912ರಲ್ಲಿ ನಿಬಂಧಕನ ಇಚ್ಛೆಗೆ ಬಿಟ್ಟಿದ್ದನ್ನು ನೂರು ವರ್ಷದ ನಂತರ ಸಂವಿಧಾನ ಹಕ್ಕು ಎಂದು ಕರೆಯಿತು. ಕರೆದ ಮಾತ್ರಕ್ಕೆ ಕಡತ ಬೇಗ ಸರಿಯುವುದಿಲ್ಲ. ಆದರೆ ಇನ್ನು ಮುಂದೆ ನಿರಾಕರಿಸುವ ಅಧಿಕಾರಿ ಒಂದು ಸವಲತ್ತನ್ನು ತಡೆಹಿಡಿಯುತ್ತಿಲ್ಲ, ಹಕ್ಕಿಗೆ ಮಿತಿ ಹಾಕುತ್ತಿದ್ದಾನೆ. ಆ ಮಿತಿ ಸರಿಯೆಂದು ತೋರಿಸುವ ಹೊಣೆ ಈಗ ಅವನದು.

ಯಾರು ನೇಕಾರರು

2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಯ್ಗೆ ಮತ್ತು ಅದಕ್ಕೆ ಹೊಂದಿದ ಕೆಲಸ ಮಾಡುವವರು 35.22 ಲಕ್ಷ. ಅವರಲ್ಲಿ ಸುಮಾರು ಶೇ. 72ರಷ್ಟು ಮಹಿಳೆಯರು. ಕಂಡಿಕೆ ಸುತ್ತುವವರು, ಹಾಸಿಗೆ ಗಂಜಿ ಹಚ್ಚುವವರು, ಲಾಳಿ ಹಿಡಿದು ನೇಯುವವರು ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. ಸಂಘದ ಉಪವಿಧಿಯಲ್ಲಿ ನೇಕಾರ ಎಂಬ ಪದಕ್ಕೆ ಮಗ್ಗದ ಒಡೆಯ ಎಂದು ಅರ್ಥ ಬರೆದರೆ ಇವರಲ್ಲಿ ಎಷ್ಟೋ ಮಂದಿ ಬಾಗಿಲ ಹೊರಗೇ ಉಳಿಯುತ್ತಾರೆ. ಅಂಥವರು ಬೇರೆ ಸಂಘಕ್ಕೆ ಅರ್ಜಿ ಹಾಕಿದರೆ ಕೇಳಿಬರಬಹುದಾದ ಮಾತು ಹಳೆಯದೇ: ನೀವು ನಿಜವಾದ ನೇಕಾರರೇ, ಊರಲ್ಲಿ ಈಗಾಗಲೇ ಸಂಘ ಇಲ್ಲವೇ?

ಬೇನಾಮಿ ಸಂಘಗಳನ್ನು ತಡೆಯುವ ಕೆಲಸ ಬೇಕೇ ಬೇಕು. ಅದಕ್ಕೆ ಲೆಕ್ಕ ತಪಾಸಣೆ ಇದೆ, ಮಗ್ಗಗಳ ಎಣಿಕೆ ಇದೆ, ಮೋಸ ಕಂಡರೆ ನೋಂದಣಿ ರದ್ದು ಮಾಡುವ ಅಧಿಕಾರವೂ ಇದೆ. ಇವೆಲ್ಲ ಸಂಘ ಹುಟ್ಟಿದ ಮೇಲಿನ ಉಪಾಯಗಳು. ಹುಟ್ಟುವ ಮೊದಲೇ ಬೇಡ ಎನ್ನುವುದು ಕಚೇರಿಗೆ ಸುಲಭ, ಏಕೆಂದರೆ ಹುಟ್ಟದ ಸಂಘದ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಅದು ಕಾಣುವುದು ಸಾಹುಕಾರನ ಪುಸ್ತಕದಲ್ಲಿ, ಆ ಹತ್ತು ಜನರ ಹೆಸರಿನ ಮುಂದೆ ತೀರದೆ ಉಳಿದ ಮುಂಗಡದ ಬಾಕಿಯಾಗಿ.